ನಾಯಿಯ ಹಲ್ಲು ಮುರಿದಾಗ: ತಿರುಳು ತೆರೆದಿದೆಯೇ ಎಂಬ ಪ್ರಶ್ನೆ

ಭಾನುವಾರದ ಮಾಂಸದೂಟ ಮುಗಿದ ಮೇಲೆ ಎಲೆಯ ಅಂಚಿನಲ್ಲಿ ಉಳಿದ ಮೂಳೆಯನ್ನು ಹಿತ್ತಲಿನಲ್ಲಿ ಕಾಯುತ್ತಿರುವ ನಾಯಿಗೆ ಹಾಕುವುದು ನಮ್ಮಲ್ಲಿ ಎಷ್ಟೋ ಮನೆಗಳ ರೂಢಿ. ನಾಯಿ ಅದನ್ನು ಮುಂಗಾಲುಗಳ ನಡುವೆ ಹಿಡಿದು, ತಲೆಯನ್ನು ಒಂದು ಬದಿಗೆ ವಾಲಿಸಿ, ಬಾಯಿಯ ಹಿಂಭಾಗಕ್ಕೆ ತಳ್ಳಿಕೊಂಡು ಕಟಕಟನೆ ಕಡಿಯುವ ಸದ್ದು ಕೇಳಿದರೆ ಸಾಕಿದವರಿಗೂ ಒಂದು ತೃಪ್ತಿ. ಆ ಸದ್ದುಗಳಲ್ಲಿ ಒಂದು ಮೂಳೆಯದ್ದಾಗಿರದೆ ಹಲ್ಲಿನದ್ದಾಗಿರಬಹುದು ಎಂಬ ಅನುಮಾನ ಯಾರಿಗೂ ಬರುವುದಿಲ್ಲ. ನಾಯಿ ಕೂಗುವುದಿಲ್ಲ, ಸಂಜೆಯ ಅನ್ನವನ್ನೂ ಎಂದಿನಂತೆ ಖಾಲಿ ಮಾಡುತ್ತದೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕಣ್ಣಿನ ಕೆಳಗೆ ಊತ ಬಂದು, ಅದು ಒಡೆದು ಕೀವು ಸೋರತೊಡಗಿದಾಗ, ಕಣ್ಣಿಗೇನೋ ಆಗಿದೆ, ಮುಳ್ಳು ಚುಚ್ಚಿರಬೇಕು ಎಂದುಕೊಂಡು ಆಸ್ಪತ್ರೆಗೆ ಕರೆತರುತ್ತಾರೆ. ವೈದ್ಯರು ತುಟಿಯನ್ನೆತ್ತಿ ನೋಡಿದರೆ ಕಾರಣ ಕಣ್ಣಿನಲ್ಲಿರದೆ ಅದರ ನೇರ ಕೆಳಗಿನ ಹಲ್ಲಿನಲ್ಲಿರುತ್ತದೆ.

ಆ ಹಲ್ಲಿನ ಹೆಸರು ಮೇಲ್ದವಡೆಯ ನಾಲ್ಕನೆಯ ಮುಂದವಡೆ ಹಲ್ಲು. ಬೆಳೆದ ನಾಯಿಯ ಬಾಯಿಯಲ್ಲಿರುವ 42 ಹಲ್ಲುಗಳಲ್ಲಿ ಬಾಚಿಹಲ್ಲುಗಳು 12, ಕೋರೆಹಲ್ಲುಗಳು 4, ಮುಂದವಡೆ ಹಲ್ಲುಗಳು 16, ದವಡೆಹಲ್ಲುಗಳು 10. ಪಶುದಂತವೈದ್ಯರು ಇವುಗಳನ್ನು ಮೂರಂಕಿಯ ಸಂಖ್ಯೆಗಳಿಂದ ಗುರುತಿಸುತ್ತಾರೆ. ಮೊದಲ ಅಂಕಿ ಹಲ್ಲು ಬಾಯಿಯ ಯಾವ ಕಾಲುಭಾಗದಲ್ಲಿದೆ ಎಂಬುದನ್ನೂ ಉಳಿದೆರಡು ಅಂಕಿಗಳು ಮುಂದಿನಿಂದ ಹಿಂದಕ್ಕೆ ಎಣಿಸಿದಾಗ ಅದು ಎಷ್ಟನೆಯದು ಎಂಬುದನ್ನೂ ಹೇಳುತ್ತವೆ. ಆಸ್ಪತ್ರೆಯ ಚೀಟಿಯಲ್ಲಿ 108 ಎಂದು ಬರೆದಿದ್ದರೆ ಬಲಗಡೆಯ, 208 ಎಂದಿದ್ದರೆ ಎಡಗಡೆಯ ಈ ಹಲ್ಲು ಎಂದು ತಿಳಿಯಬೇಕು. 104, 204, 304 ಮತ್ತು 404 ಎಂಬವು ನಾಲ್ಕು ಕೋರೆಹಲ್ಲುಗಳು. ನಾಯಿಗಳಲ್ಲಿ ಚಿಕಿತ್ಸೆ ಬೇಡುವಂತೆ ಮುರಿಯುವುದು ಹೆಚ್ಚಾಗಿ ಈ ಆರು ಹಲ್ಲುಗಳೇ.

ಅಡಕತ್ತರಿಗೆ ಕಲ್ಲು ಕೊಟ್ಟಂತೆ

ಹಸುವಿನ ದವಡೆ ಅಕ್ಕಪಕ್ಕಕ್ಕೆ ಸರಿದು ಮೇವನ್ನು ಅರೆಯುತ್ತದೆ. ನಾಯಿಯ ದವಡೆ ಹಾಗೆ ಸರಿಯಲಾರದು, ಮೇಲೆ ಕೆಳಗೆ ಮಾತ್ರ ಆಡುತ್ತದೆ. ಮೇಲಿನ 108ನೆಯ ಹಲ್ಲಿನ ಅಂಚು ಕೆಳದವಡೆಯ ಮೊದಲ ದವಡೆಹಲ್ಲಿನ ಹೊರಮೈಯನ್ನು ಸವರಿಕೊಂಡು ಇಳಿಯುವ ರೀತಿ ಥೇಟ್ ಅಡಕತ್ತರಿಯದ್ದು. ಮಾಂಸ, ಚರ್ಮ, ನರಗಳನ್ನು ಕತ್ತರಿಸಲು ಇದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಆದರೆ ಅಡಕತ್ತರಿಗೆ ಅಡಿಕೆಯ ಬದಲು ಕಲ್ಲು ಕೊಟ್ಟರೆ ಅಲಗೇ ಮುಕ್ಕಾಗುವ ಹಾಗೆ, ಅತಿ ಗಟ್ಟಿಯಾದ ವಸ್ತು ಈ ಎರಡು ಹಲ್ಲುಗಳ ನಡುವೆ ಸಿಕ್ಕಾಗ ಮೇಲಿನ ಹಲ್ಲಿನ ಹೊರಮೈ ತುದಿಯಿಂದ ವಸಡಿನವರೆಗೆ, ಕೆಲವೊಮ್ಮೆ ವಸಡಿನ ಒಳಗೂ, ಒಂದು ಚಕ್ಕೆಯಾಗಿ ಸೀಳಿ ಬರುತ್ತದೆ. ಆ ಚಕ್ಕೆ ಎಷ್ಟೋ ಸಲ ವಸಡಿಗೆ ಅಂಟಿಕೊಂಡೇ ಅಲ್ಲಾಡುತ್ತಿರುತ್ತದೆ. ನಾಯಿಯ ಹಲ್ಲಿನ ಎನಾಮಲ್ ಪದರ ಹೆಚ್ಚಿನ ಕಡೆ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ, ಮನುಷ್ಯರ ದವಡೆಹಲ್ಲಿನ ತುದಿಯಲ್ಲಿ ಅದು ಎರಡೂವರೆ ಮಿಲಿಮೀಟರ್‌ವರೆಗೂ ಇರಬಲ್ಲದು ಎಂಬ ಸಂಗತಿ ಗೊತ್ತಾದರೆ, ನಾಯಿಯ ಹಲ್ಲು ಕಬ್ಬಿಣದಷ್ಟು ಗಟ್ಟಿ ಎಂಬ ನಮ್ಮ ನಂಬಿಕೆ ಸ್ವಲ್ಪ ಸಡಿಲವಾಗಬೇಕು.

ಕಾಲಿನ ದಪ್ಪ ಮೂಳೆ, ಒಣಗಿದ ಗೊರಸು, ಜಿಂಕೆಯ ಕೊಂಬಿನಿಂದ ಮಾಡಿದ ಅಗಿಯುವ ತುಂಡು, ಗಟ್ಟಿ ನೈಲಾನ್ ಆಟಿಕೆ, ಬೇಸಿಗೆಯಲ್ಲಿ ಪ್ರೀತಿಯಿಂದ ಕೊಡುವ ಐಸ್ ತುಂಡು, ಆಟದ ಭರದಲ್ಲಿ ಕಚ್ಚುವ ಜಲ್ಲಿಕಲ್ಲು, ಇವೆಲ್ಲ ಈ ಹಲ್ಲಿನ ಶತ್ರುಗಳು. ಕಾಡಿನಲ್ಲಿ ತೋಳ ಮೂಳೆ ಕಡಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕಡಿಯುತ್ತದೆ, ಮತ್ತು ಅದರ ಹಲ್ಲೂ ಮುರಿಯುತ್ತದೆ. ಕಾಡಿನ ಮಾಂಸಾಹಾರಿಗಳ ತಲೆಬುರುಡೆಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಮುರಿದ ಹಲ್ಲುಗಳು ಸಾಕಷ್ಟು ಸಿಕ್ಕಿವೆ. ಒಂದು ವಸ್ತು ನಾಯಿಗೆ ಕೊಡಲು ತಕ್ಕದ್ದೇ ಎಂದು ತಿಳಿಯಲು ಪಶುದಂತವೈದ್ಯರು ಹೇಳುವ ಪರೀಕ್ಷೆ ಬಹಳ ಸರಳ: ಹೆಬ್ಬೆರಳಿನ ಉಗುರಿನಿಂದ ಒತ್ತಿದಾಗ ಅದರ ಮೇಲೆ ಗುರುತು ಮೂಡಬೇಕು, ಅಥವಾ ಅದರಿಂದ ನಿಮ್ಮ ಮಂಡಿಚಿಪ್ಪಿಗೆ ಹೊಡೆದುಕೊಳ್ಳಲು ನಿಮಗೆ ಹೆದರಿಕೆಯಾಗಬಾರದು. ಕೋರೆಹಲ್ಲು ಮುರಿಯುವ ಕಾರಣಗಳು ಬೇರೆ. ವಾಹನದ ಡಿಕ್ಕಿ, ಮಹಡಿಯಿಂದ ಬೀಳುವುದು, ಯಾರೋ ಬೀಸಿದ ಕಲ್ಲು, ಬೇರೆ ನಾಯಿಯೊಂದಿಗಿನ ಜಗಳ ಇವುಗಳಿಂದ ಅದು ಒಮ್ಮೆಗೇ ಮುರಿಯುತ್ತದೆ. ಪಂಜರದ ಕಂಬಿಯನ್ನೋ ಗೇಟನ್ನೋ ದಿನವೂ ಕಚ್ಚಿ ಎಳೆಯುವ ನಾಯಿಯಲ್ಲಿ ಕೋರೆಹಲ್ಲಿನ ಹಿಂಬದಿ ಸವೆದು ಸವೆದು ತೆಳುವಾಗಿ, ಕೊನೆಗೊಂದು ದಿನ ಸಣ್ಣ ಪೆಟ್ಟಿಗೇ ತುಂಡಾಗುತ್ತದೆ.

ಒಳಗೆ ಆಗುವುದು

ಹಲ್ಲೆಂದರೆ ಸತ್ತ ಕಲ್ಲಲ್ಲ. ಹೊರಗಿನ ಎನಾಮಲ್ ಕವಚದ ಒಳಗೆ ಡೆಂಟಿನ್ ಎಂಬ ದಪ್ಪ ಪದರವಿದೆ. ಅದರೊಳಗೆ, ತುದಿಯ ಹತ್ತಿರದಿಂದ ಬೇರಿನ ಕೊನೆಯವರೆಗೆ, ರಕ್ತನಾಳಗಳೂ ನರಗಳೂ ತುಂಬಿದ ಮೃದುವಾದ ತಿರುಳಿದೆ. ವೈದ್ಯರು ಪಲ್ಪ್ ಎನ್ನುವುದು ಇದನ್ನೇ. ಡೆಂಟಿನ್ ನೋಡಲು ಗಟ್ಟಿಯಾಗಿದ್ದರೂ ಅದರ ತುಂಬ ತಿರುಳಿನಿಂದ ಹೊರಮುಖವಾಗಿ ಸಾಗುವ ಸೂಕ್ಷ್ಮ ಕೊಳವೆಗಳಿವೆ; ಒಂದು ಚದರ ಮಿಲಿಮೀಟರ್‌ನಲ್ಲಿ ಅವುಗಳ ಸಂಖ್ಯೆ ಹತ್ತಾರು ಸಾವಿರ. ನಾಯಿಮರಿಯ ಶಾಶ್ವತ ಹಲ್ಲು ಹೊಸದಾಗಿ ಮೂಡಿದಾಗ ಡೆಂಟಿನ್ ತೆಳು, ತಿರುಳಿನ ಜಾಗ ವಿಶಾಲ. ಎಳನೀರಿನೊಳಗೆ ಗಂಜಿ ಕಟ್ಟಿ, ಬಲಿತು ಕಾಯಾಗುತ್ತ ಬಂದ ಹಾಗೆ ನೀರಿನ ಜಾಗ ಕಿರಿದಾಗುವಂತೆ, ವಯಸ್ಸಾದ ಹಾಗೆ ಡೆಂಟಿನ್ ಒಳಮುಖವಾಗಿ ದಪ್ಪವಾಗುತ್ತ ಹೋಗಿ ಮುದಿನಾಯಿಯಲ್ಲಿ ತಿರುಳು ಒಂದು ಸಣ್ಣ ಎಳೆಯಷ್ಟೇ ಉಳಿಯುತ್ತದೆ. ಎಳೆಯ ನಾಯಿಯ ಹಲ್ಲಿನ ಚಿಕಿತ್ಸೆ ಮುದಿನಾಯಿಯದ್ದಕ್ಕಿಂತ ಬೇರೆಯಾಗಲು ಇದೇ ಕಾರಣ.

ಹಲ್ಲು ಮುರಿದಾಗ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಮುರಿದಿದೆ ಎಂಬುದಲ್ಲ, ತಿರುಳು ತೆರೆದುಕೊಂಡಿದೆಯೇ ಎಂಬುದು. ಎನಾಮಲ್ ಮಾತ್ರ ಚಕ್ಕೆ ಎದ್ದಿರಬಹುದು. ಎನಾಮಲ್ ಜೊತೆಗೆ ಡೆಂಟಿನ್ ಕೂಡ ಹೋಗಿ ತಿರುಳು ಮುಚ್ಚಿಕೊಂಡೇ ಉಳಿದಿರಬಹುದು. ಅಥವಾ ತಿರುಳೇ ಹೊರಗಿಣುಕುತ್ತಿರಬಹುದು. ಇವುಗಳಲ್ಲಿ ಪ್ರತಿಯೊಂದೂ ವಸಡಿನ ಮೇಲೆಯೇ ನಿಲ್ಲಬಹುದು ಇಲ್ಲವೇ ವಸಡಿನ ಕೆಳಗೆ ಬೇರಿನವರೆಗೂ ಇಳಿಯಬಹುದು, ಇಳಿದಷ್ಟೂ ಉಳಿಸುವುದು ಕಷ್ಟ. ಆಗಷ್ಟೇ ಮುರಿದ ಹಲ್ಲಿನಲ್ಲಿ ತಿರುಳು ತೆರೆದಿದ್ದರೆ ಮುರಿದ ಮೈಯ ನಡುವೆ ಕೆಂಪು ಚುಕ್ಕೆ ಕಾಣುತ್ತದೆ, ರಕ್ತವೂ ಒಸರಬಹುದು. ಹಳೆಯ ಮುರಿತವಾದರೆ ಅದೇ ಜಾಗದಲ್ಲಿ ಕಪ್ಪು ರಂಧ್ರವಿರುತ್ತದೆ, ಎಂದರೆ ತಿರುಳು ಸತ್ತಿದೆ. ಇವೆರಡನ್ನೂ ಹೋಲುವ ಆದರೆ ಅಷ್ಟು ಭಯಪಡಬೇಕಿಲ್ಲದ ಮೂರನೆಯ ನೋಟವೊಂದಿದೆ: ನಿಧಾನವಾಗಿ ಸವೆದ ಹಲ್ಲಿನಲ್ಲಿ ತಿರುಳು ತನ್ನನ್ನು ಕಾಪಾಡಿಕೊಳ್ಳಲು ಒಳಗಿನಿಂದ ಹೊಸ ಡೆಂಟಿನ್ ಕಟ್ಟಿಕೊಂಡಿರುತ್ತದೆ, ಅದು ಹೊಳೆಯುವ ಕಂದು ಚುಕ್ಕೆಯಾಗಿ ಕಾಣುತ್ತದೆ. ವೈದ್ಯರು ಮೊನಚಾದ ಶೋಧಕ ಕಡ್ಡಿಯನ್ನು ಅದರ ಮೇಲೆ ಎಳೆದರೆ ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ. ತೆರೆದ ತಿರುಳಿನಲ್ಲಾದರೆ ಕಡ್ಡಿಯ ತುದಿ ರಂಧ್ರದೊಳಕ್ಕೆ ಇಳಿಯುತ್ತದೆ. ಈ ಪರೀಕ್ಷೆಯನ್ನು ಮನೆಯಲ್ಲಿ ಸೂಜಿ ಹಿಡಿದು ಮಾಡಲು ಹೋಗಬಾರದು; ಜೀವಂತ ತಿರುಳಿಗೆ ಸೂಜಿ ತಾಗಿದರೆ ಎಂಥ ಸಾಧು ನಾಯಿಯೂ ಕಚ್ಚುತ್ತದೆ, ಅದರ ತಪ್ಪೇನೂ ಇರುವುದಿಲ್ಲ.

ತೆರೆದ ತಿರುಳಿನ ಮುಂದಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸಾಕಿದವರು ಮೋಸಹೋಗುವುದು ಇಲ್ಲಿಯೇ. ಮೊದಲ ದಿನಗಳಲ್ಲಿ ನರ ಜೀವಂತವಾಗಿರುವುದರಿಂದ ನೋವು ತೀವ್ರ. ಬಾಯಿಯಲ್ಲಿ ಸದಾ ಇರುವ ಬ್ಯಾಕ್ಟೀರಿಯಾಗಳು ತಿರುಳಿಗೆ ಇಳಿದು ಉರಿಯೂತ ಉಂಟುಮಾಡುತ್ತವೆ. ದೇಹದ ಬೇರೆ ಭಾಗವಾದರೆ ಊದಿಕೊಳ್ಳಲು ಜಾಗವಿರುತ್ತದೆ. ಹಲ್ಲಿನ ಒಳಗೆ ಗೋಡೆಗಳು ಗಟ್ಟಿ, ಊತಕ್ಕೆ ಜಾಗವಿಲ್ಲ, ಆದ್ದರಿಂದ ರಕ್ತಸಂಚಾರವೇ ನಿಂತು ತಿರುಳು ಸಾಯುತ್ತದೆ. ಆಗ ಆ ತೀವ್ರ ನೋವು ಕಡಿಮೆಯಾಗುತ್ತದೆ, ನಾಯಿ ಗೆಲುವಾದಂತೆ ಕಾಣುತ್ತದೆ, ಮನೆಯವರು ವಾಸಿಯಾಯಿತು ಎಂದುಕೊಳ್ಳುತ್ತಾರೆ. ಆದರೆ ಸತ್ತ ತಿರುಳಿನ ಕಾಲುವೆ ಈಗ ಬ್ಯಾಕ್ಟೀರಿಯಾಗಳಿಗೆ ಬೇರಿನ ತುದಿಯವರೆಗೆ ತೆರೆದ ದಾರಿ. ಅಲ್ಲಿಂದ ಅವು ದವಡೆಯ ಮೂಳೆಗೆ ಇಳಿದು ಬೇರಿನ ಸುತ್ತಲಿನ ಮೂಳೆಯನ್ನು ಕರಗಿಸುತ್ತವೆ, ಕೀವು ಕಟ್ಟುತ್ತದೆ, 108ರ ಬೇರುಗಳು ಕಣ್ಣಿನ ಕೆಳಗೇ ಇರುವುದರಿಂದ ಅಲ್ಲಿಯೇ ಊತ ಏಳುತ್ತದೆ.

ಆಂಟಿಬಯಾಟಿಕ್ ಕೊಟ್ಟರೆ ಈ ಊತ ಇಳಿಯುತ್ತದೆ. ಮಾತ್ರೆ ನಿಲ್ಲಿಸಿದ ಕೆಲವು ವಾರಗಳಲ್ಲಿ ಮತ್ತೆ ಏಳುತ್ತದೆ. ಮತ್ತೊಂದು ಸುತ್ತು ಮಾತ್ರೆ, ಮತ್ತೆ ಇಳಿತ, ಮತ್ತೆ ಏರಿಕೆ. ಔಷಧದ ದೋಷ ಇದರಲ್ಲಿ ಏನೂ ಇಲ್ಲ. ಔಷಧ ರಕ್ತದ ಮೂಲಕ ಹೋಗಬೇಕು, ಸತ್ತ ಹಲ್ಲಿನ ಕಾಲುವೆಯೊಳಗೆ ರಕ್ತಸಂಚಾರವೇ ಇಲ್ಲ. ಹೊರಗಿನ ಮೂಳೆಯಲ್ಲಿರುವ ಸೋಂಕು ತಗ್ಗುತ್ತದೆ, ಒಳಗಿನ ಮೂಲ ಹಾಗೆಯೇ ಉಳಿಯುತ್ತದೆ. ಆ ಮೂಲವನ್ನು ತೆಗೆಯಲು ಇರುವ ದಾರಿಗಳು ಎರಡೇ: ಕಾಲುವೆಯನ್ನು ಶುಚಿ ಮಾಡಿ ಮುಚ್ಚಬೇಕು, ಇಲ್ಲವೇ ಹಲ್ಲನ್ನೇ ಕೀಳಬೇಕು. ನೋಡೋಣ, ಕಾಯೋಣ ಎಂಬುದು ತೆರೆದ ತಿರುಳಿನ ವಿಷಯದಲ್ಲಿ ಮೂರನೆಯ ದಾರಿಯಲ್ಲ.

ಹೀಗಿದ್ದರೂ ‘ತಿನ್ನುತ್ತಿದೆಯಲ್ಲ, ನೋವಿದ್ದರೆ ತಿನ್ನುತ್ತಿತ್ತೇ’ ಎಂಬ ಮಾತು ಆಸ್ಪತ್ರೆಯ ಬಾಗಿಲಲ್ಲಿ ಪ್ರತಿದಿನ ಕೇಳಿಬರುವಂಥದ್ದು. ಅನ್ನ, ಮುದ್ದೆ, ಹಾಲು ಇವುಗಳನ್ನು ನಾಯಿ ಅಗಿಯುವುದೇ ಕಡಿಮೆ, ನುಂಗುವುದೇ ಹೆಚ್ಚು. ಹಸಿವು ಹಲ್ಲುನೋವಿಗಿಂತ ಬಲವಾದದ್ದು, ಮತ್ತು ನೋವನ್ನು ತೋರಿಸಿಕೊಳ್ಳದಿರುವುದು ಈ ಪ್ರಾಣಿಯ ಹುಟ್ಟುಗುಣ. ನೋಡಬೇಕಾದ ಗುರುತುಗಳು ಬೇರೆಯೇ ಇವೆ: ಒಂದೇ ಬದಿಯಲ್ಲಿ ಅಗಿಯುವುದು, ಬಾಯಿಗೆ ಹಾಕಿಕೊಂಡ ತುಂಡನ್ನು ಕೆಳಗೆ ಬೀಳಿಸುವುದು, ಹಿಂದೆ ಇಷ್ಟಪಡುತ್ತಿದ್ದ ಹಗ್ಗದ ಆಟಕ್ಕೆ ಬಾರದಿರುವುದು, ಮುಖ ಮುಟ್ಟಿದರೆ ಸರಿದುಕೊಳ್ಳುವುದು. ಬಾಯಿಯ ಒಂದು ಬದಿಯ ಹಲ್ಲುಗಳ ಮೇಲೆ ಮಾತ್ರ ಹಳದಿ ಪಾಚಿ ದಪ್ಪವಾಗಿ ಕಟ್ಟಿದ್ದರೆ ನಾಯಿ ಆ ಬದಿಯನ್ನು ಬಳಸುತ್ತಿಲ್ಲ ಎಂದರ್ಥ. ಚಿಕಿತ್ಸೆಯಾದ ಒಂದೆರಡು ವಾರದಲ್ಲಿ ನಾಯಿ ಮತ್ತೆ ಮರಿಯಂತೆ ಆಡತೊಡಗಿದಾಗ ಮಾತ್ರ ಅದು ಇಷ್ಟು ದಿನ ನೋವು ನುಂಗಿಕೊಂಡಿತ್ತು ಎಂದು ಮನೆಯವರಿಗೆ ಗೊತ್ತಾಗುವುದುಂಟು.

ಮುರಿಯದೆಯೂ ಹಲ್ಲು ಸಾಯಬಹುದು. ಪೆಟ್ಟು ಬಿದ್ದ ಹಲ್ಲು ಇಡಿಯಾಗಿದ್ದರೂ ಗುಲಾಬಿ, ನೇರಳೆ ಅಥವಾ ಬೂದು ಬಣ್ಣಕ್ಕೆ ತಿರುಗಿದ್ದರೆ ಒಳಗೆ ರಕ್ತ ಸೋರಿ ಡೆಂಟಿನ್‌ಗೆ ಬಣ್ಣ ಹಿಡಿದಿದೆ ಎಂದು ತಿಳಿಯಬೇಕು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೀಗೆ ಬಣ್ಣಗೆಟ್ಟ ನಾಯಿ ಹಲ್ಲುಗಳಲ್ಲಿ ಶೇ 92ರಷ್ಟರ ತಿರುಳು ಭಾಗಶಃ ಅಥವಾ ಪೂರ್ತಿ ಸತ್ತಿದ್ದು ಕಂಡುಬಂದಿತ್ತು.

ಆಸ್ಪತ್ರೆಗೆ ಹೋಗುವ ಮುನ್ನ, ಹೋದ ಮೇಲೆ

ಮುರಿದದ್ದು ಗೊತ್ತಾದ ಕೂಡಲೇ ಸಮಯವನ್ನು ಬರೆದಿಟ್ಟುಕೊಳ್ಳಬೇಕು, ಸಾಧ್ಯವಾದರೆ ತುಟಿ ಎತ್ತಿ ಒಂದು ಫೋಟೋ ತೆಗೆದುಕೊಳ್ಳಬೇಕು. ಮುಂದೆ ಹೇಳುವಂತೆ ಚಿಕಿತ್ಸೆಯ ಆಯ್ಕೆ ಗಂಟೆಗಳ ಲೆಕ್ಕದ ಮೇಲೆ ನಿಲ್ಲುತ್ತದೆ. ಮನೆಯ ಔಷಧ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಪ್ಯಾರಾಸಿಟಮಾಲ್, ಡೈಕ್ಲೊಫಿನಾಕ್ ಮಾತ್ರೆಗಳನ್ನು ಕೊಡಲೇಬಾರದು. ಮನುಷ್ಯರ ಅಳತೆಯಲ್ಲಿ ಇವು ನಾಯಿಯ ಹೊಟ್ಟೆ, ಮೂತ್ರಪಿಂಡ, ಯಕೃತ್ತುಗಳಿಗೆ ವಿಷವಾಗುತ್ತವೆ. ಲವಂಗದ ಎಣ್ಣೆ ಹಚ್ಚುವುದೂ ಬೇಡ, ನಾಯಿ ಅದನ್ನು ನೆಕ್ಕಿ ನುಂಗುತ್ತದೆ. ಬಿದ್ದ ಚೂರನ್ನು ಮತ್ತೆ ಅಂಟಿಸುವ ಪದ್ಧತಿ ನಾಯಿಗಳಲ್ಲಿ ಹೆಚ್ಚಾಗಿ ಇಲ್ಲ. ಆದರೆ ಬೇರುಸಮೇತ ಇಡೀ ಕೋರೆಹಲ್ಲೇ ಕಿತ್ತು ಬಂದಿದ್ದರೆ ಅದನ್ನು ಉಜ್ಜಿ ತೊಳೆಯದೆ, ತಣ್ಣನೆಯ ಹಾಲಿನಲ್ಲಿ ಮುಳುಗಿಸಿಕೊಂಡು ತಕ್ಷಣ ಹೊರಡಬೇಕು. ಕೆಲವು ಗಂಟೆಗಳೊಳಗಾದರೆ ಅದನ್ನು ಮತ್ತೆ ಕೂರಿಸುವ ಸಾಧ್ಯತೆ ಇರುತ್ತದೆ.

ಎಚ್ಚರವಾಗಿರುವ ನಾಯಿಯ ಬಾಯಿ ನೋಡಿ ವೈದ್ಯರು ಹೇಳಬಹುದಾದದ್ದು ಅರ್ಧ ಮಾತ್ರ. ಹಲ್ಲಿನ ಹೆಚ್ಚಿನ ಭಾಗ ವಸಡಿನ ಒಳಗಿದೆ. ಕೋರೆಹಲ್ಲಿನಲ್ಲಂತೂ ಹೊರಗೆ ಕಾಣುವುದಕ್ಕಿಂತ ಬೇರೇ ಉದ್ದ ಮತ್ತು ದಪ್ಪ. ಆದ್ದರಿಂದ ಪೂರ್ಣ ಅರಿವಳಿಕೆ ಕೊಟ್ಟು, ಬಾಯಿಯೊಳಗೇ ಚಿಕ್ಕ ಫಲಕವನ್ನಿಟ್ಟು ತೆಗೆಯುವ ದಂತ ಎಕ್ಸ್‌ರೇ ಅಗತ್ಯ. ಬೇರಿನ ತುದಿಯ ಸುತ್ತ ಕಪ್ಪು ವಲಯ ಕಂಡರೆ ಅಲ್ಲಿ ಮೂಳೆ ಕರಗಿದೆ. ಪಕ್ಕದ ಹಲ್ಲುಗಳಿಗಿಂತ ತಿರುಳಿನ ಕಾಲುವೆ ಅಗಲವಾಗಿದ್ದರೆ ಆ ಹಲ್ಲು ಬಹಳ ಹಿಂದೆಯೇ ಸತ್ತು ಡೆಂಟಿನ್ ಕಟ್ಟುವುದನ್ನು ನಿಲ್ಲಿಸಿದೆ. ಅರಿವಳಿಕೆ ಎಂದರೆ ಹಿಂಜರಿಯುವವರು ಬಹಳ, ವಯಸ್ಸಾದ ನಾಯಿಯಾದರೆ ಇನ್ನೂ ಹೆಚ್ಚು. ಮೊದಲೇ ರಕ್ತಪರೀಕ್ಷೆ ಮಾಡಿ, ಶ್ವಾಸನಾಳಕ್ಕೆ ಕೊಳವೆ ಹಾಕಿ, ಹೃದಯ, ಉಸಿರು, ದೇಹದ ಶಾಖಗಳನ್ನು ಗಮನಿಸುತ್ತ ಕೊಡುವ ಅರಿವಳಿಕೆಯ ಅಪಾಯವನ್ನು ವರ್ಷಗಟ್ಟಲೆ ದವಡೆಯಲ್ಲಿ ಕೀವು ಇಟ್ಟುಕೊಳ್ಳುವ ಅಪಾಯದ ಎದುರಿಟ್ಟು ತೂಗಬೇಕು ಎಂಬುದು ನನ್ನ ಅಭಿಪ್ರಾಯ. ಅರಿವಳಿಕೆ ಇಲ್ಲದೆ ಹಲ್ಲು ಸರಿಮಾಡಿಕೊಡುತ್ತೇವೆ ಎನ್ನುವವರು ಹೊರಗಿನ ಪಾಚಿಯನ್ನು ಕೆರೆಯಬಲ್ಲರೇ ಹೊರತು ಬೇರನ್ನು ನೋಡಲಾರರು.

ಉಳಿಸುವ ದಾರಿಗಳು

ತಿರುಳು ಮುಚ್ಚಿಕೊಂಡೇ ಇದ್ದರೆ ಕೆಲಸ ಚಿಕ್ಕದು: ಚೂಪಾದ ಅಂಚನ್ನು ಉಜ್ಜಿ ನಯ ಮಾಡಿ, ತೆರೆದ ಡೆಂಟಿನ್ ಕೊಳವೆಗಳನ್ನು ಅಂಟುದ್ರವದಿಂದ ಮುಚ್ಚಿ, ಬೇಕಾದರೆ ಮೇಲೆ ಕಾಂಪೊಸಿಟ್ ಎಂಬ ಹಲ್ಲು ತುಂಬುವ ವಸ್ತುವನ್ನು ಹಾಕಿ, ಆರು ತಿಂಗಳಿಂದ ಒಂದು ವರ್ಷದೊಳಗೆ ಮತ್ತೊಂದು ಎಕ್ಸ್‌ರೇ ತೆಗೆಯುತ್ತಾರೆ.

ತಿರುಳು ತೆರೆದಿದ್ದರೂ ಇನ್ನೂ ಜೀವಂತವಾಗಿದ್ದರೆ ಅದನ್ನು ಬದುಕಿಸಿಕೊಳ್ಳುವ ಪ್ರಯತ್ನ ಮಾಡಬಹುದು. ಇದು ಮುಖ್ಯವಾಗಿ ಒಂದೂವರೆ ವರ್ಷದೊಳಗಿನ ನಾಯಿಗಳಿಗೆ ಹೇಳಿದ ಚಿಕಿತ್ಸೆ. ಅವುಗಳ ಹಲ್ಲಿನ ಗೋಡೆ ತೆಳು, ಇನ್ನೂ ಚಿಕ್ಕ ಮರಿಗಳಲ್ಲಿ ಬೇರಿನ ತುದಿಯೂ ಮುಚ್ಚಿರುವುದಿಲ್ಲ; ತಿರುಳು ಬದುಕಿದ್ದರೆ ಮಾತ್ರ ಹಲ್ಲು ಬಲಿಯಲು ಸಾಧ್ಯ. ವೈದ್ಯರು ಸೋಂಕು ತಗಲಿದ ಮೇಲ್ಭಾಗದ ಕೆಲವು ಮಿಲಿಮೀಟರ್ ತಿರುಳನ್ನು ಕೊರೆಯುವ ಯಂತ್ರದ ಶುದ್ಧವಾದ ವಜ್ರದ ತುದಿಯಿಂದ ತೆಗೆದು, ರಕ್ತ ತಾನಾಗಿ ನಿಲ್ಲುವವರೆಗೆ ಕಾದು, ಉಳಿದ ತಿರುಳಿನ ಮೇಲೆ ಒಂದು ಔಷಧದ ಪದರ ಹಾಸಿ, ಅದರ ಮೇಲೆ ಎರಡು ಪದರಗಳಲ್ಲಿ ಬಿಗಿಯಾಗಿ ಮುಚ್ಚುತ್ತಾರೆ. ಕೆಲವು ವಾರಗಳಲ್ಲಿ ತಿರುಳು ಆ ಔಷಧದ ಅಡಿಯಲ್ಲಿ ತನ್ನದೇ ಡೆಂಟಿನ್ ಸೇತುವೆ ಕಟ್ಟಿಕೊಳ್ಳುತ್ತದೆ.

ಇಲ್ಲಿ ಗಡಿಯಾರ ಎಷ್ಟು ಮುಖ್ಯ ಎಂಬುದಕ್ಕೆ 2001ರಲ್ಲಿ ಪ್ರಕಟವಾದ, ಕೋರೆಹಲ್ಲುಗಳ ಮೂರು ವರ್ಷದ ದಾಖಲೆಗಳನ್ನು ಆಧರಿಸಿದ ಅಧ್ಯಯನವೊಂದು ಸಾಕ್ಷಿ. ಮುರಿದ 48 ಗಂಟೆಗಳೊಳಗೆ ಮಾಡಿದ ಚಿಕಿತ್ಸೆಗಳಲ್ಲಿ ಶೇ 88ರಷ್ಟು ಯಶಸ್ವಿಯಾದರೆ, ಒಂದು ವಾರದೊಳಗಿನವುಗಳಲ್ಲಿ ಶೇ 41, ಮೂರು ವಾರದೊಳಗಿನವುಗಳಲ್ಲಿ ಶೇ 23 ಮಾತ್ರ. ಬಳಸುವ ಔಷಧವೂ ಮುಖ್ಯ. ಬಹುಕಾಲ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಳಕೆಯಲ್ಲಿತ್ತು. 1990ರ ದಶಕದಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೊರಾಬಿನೆಜಾದ್ ಅವರು ಮನುಷ್ಯರ ಹಲ್ಲಿಗೆಂದು ರೂಪಿಸಿದ ಎಂಟಿಎ ಎಂಬ ಪುಡಿ ಈಗ ಅದರ ಸ್ಥಾನಕ್ಕೆ ಬಂದಿದೆ. ಅದರ ಬಹುಪಾಲು, ನಂಬಿದರೆ ನಂಬಿ, ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಶುದ್ಧರೂಪವೇ. ನೀರು ಸೇರಿದಾಗ ಗಟ್ಟಿಯಾಗುವ ಆ ಗುಣವೇ ತೇವವಿರುವ ಹಲ್ಲಿನೊಳಗೆ ಉಪಯೋಗಕ್ಕೆ ಬರುತ್ತದೆ. 190 ನಾಯಿ ಹಲ್ಲುಗಳ ದಾಖಲೆಗಳನ್ನು ನೋಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟಿಎ ಬಳಸಿದಾಗ ಯಶಸ್ಸು ಶೇ 92, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಳಸಿದಾಗ ಶೇ 58 ಎಂದಿದೆ.

ತಿರುಳು ಸತ್ತಿದ್ದರೆ, ಅಥವಾ ನಾಯಿ ಬೆಳೆದದ್ದಾಗಿದ್ದು ಸಮಯ ಮೀರಿದ್ದರೆ, ಉಳಿಸುವ ದಾರಿ ರೂಟ್ ಕೆನಾಲ್. ನಮಗೆ ಮಾಡುವ ಚಿಕಿತ್ಸೆಯ ತತ್ವವೇ ಇಲ್ಲಿಯೂ, ಅಳತೆ ಮಾತ್ರ ಬೇರೆ. ದೊಡ್ಡ ನಾಯಿಯ ಕೋರೆಹಲ್ಲಿನ ಕಾಲುವೆ ಉದ್ದವಾಗಿ ಬಾಗಿರುವುದರಿಂದ ಮನುಷ್ಯರಿಗೆ ಬಳಸುವ ಅರಗಳು ತುದಿ ಮುಟ್ಟುವುದಿಲ್ಲ. 60 ಮಿಲಿಮೀಟರ್‌ವರೆಗೆ ಉದ್ದದ ವಿಶೇಷ ಅರಗಳು ಬೇಕು. ಮುರಿದ ತುದಿಯಿಂದ ಒಳಹೊಕ್ಕರೆ ಬಾಗಿದ ಕಾಲುವೆಯ ಕೊನೆಗೆ ಅರ ನೇರವಾಗಿ ಇಳಿಯದ ಕಾರಣ, ವಸಡಿನ ಅಂಚಿಗೆ ಸಮೀಪ ಹಲ್ಲಿನ ಮುಂಬದಿಯಲ್ಲಿ ಮತ್ತೊಂದು ಸಣ್ಣ ರಂಧ್ರ ಕೊರೆಯುತ್ತಾರೆ. 108ಕ್ಕೆ ಮೂರು ಬೇರು, ಆದ್ದರಿಂದ ಮೂರು ಕಾಲುವೆಗಳನ್ನೂ ಹುಡುಕಿ ಶುಚಿಗೊಳಿಸಬೇಕು. ಮನುಷ್ಯರ ಬೇರಿನ ತುದಿಯಲ್ಲಿ ಸಾಮಾನ್ಯವಾಗಿ ಒಂದು ಮುಖ್ಯ ರಂಧ್ರವಿದ್ದರೆ ಬೆಳೆದ ನಾಯಿಯದ್ದು ನದಿಯ ಮುಖಜಭೂಮಿಯಂತೆ ಹತ್ತಾರು ಕೂದಲೆಳೆಯ ಕವಲುಗಳಾಗಿ ಒಡೆದಿರುತ್ತದೆ. ಆ ಕವಲುಗಳಿಗೆ ಯಾವ ಅರವೂ ಹೋಗಲಾರದು. ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಿಂದ ಮತ್ತೆ ಮತ್ತೆ ತೊಳೆದು ಬ್ಯಾಕ್ಟೀರಿಯಾಗಳನ್ನು ಕೊಂದು, ಮುಖ್ಯ ಕಾಲುವೆಯನ್ನು ಬಿಗಿಯಾಗಿ ತುಂಬಿ ಅವುಗಳ ದಾರಿ ಮುಚ್ಚುವುದೇ ಉಪಾಯ.

ತುಂಬುವ ವಸ್ತು ಗಟ್ಟಾ ಪರ್ಚಾ, ಆಗ್ನೇಯ ಏಷ್ಯಾದ ಪಲಾಕ್ವಿಯಂ ಕುಲದ ಮರಗಳ ಹಾಲಿನಿಂದ ಮಾಡಿದ್ದು. ಅದೇ ಕುಲದ ಮರಗಳು ನಮ್ಮ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲೂ ಬೆಳೆಯುತ್ತವೆ. ನಾಯಿಗಳ 127 ಬೇರುಗಳ ರೂಟ್ ಕೆನಾಲ್ ಫಲಿತಾಂಶಗಳನ್ನು ಕುರಿತು 2002ರಲ್ಲಿ ಬಂದ ಅಧ್ಯಯನದಲ್ಲಿ ಖಚಿತವಾಗಿ ಸೋತವು ನೂರಕ್ಕೆ ಐದಾರು ಮಾತ್ರ.

ರೂಟ್ ಕೆನಾಲ್ ಆದ ಹಲ್ಲಿನ ಮೇಲೆ ಲೋಹದ ಕ್ಯಾಪ್ ಹಾಕುವುದು ಎಲ್ಲ ನಾಯಿಗಳಿಗೂ ಕಡ್ಡಾಯವಲ್ಲ; ಕಚ್ಚಿ ಹಿಡಿಯುವುದೇ ಕೆಲಸವಾಗಿರುವ ಪೊಲೀಸ್ ಮತ್ತು ಸೇನಾ ನಾಯಿಗಳಿಗೆ, ಎಷ್ಟು ಹೇಳಿದರೂ ಕಲ್ಲು ಕಡಿಯುವುದನ್ನು ಬಿಡದ ನಾಯಿಗಳಿಗೆ ಅದು ಪ್ರಯೋಜನಕಾರಿ. ಹಲ್ಲನ್ನು ಉಜ್ಜಿ ಅಚ್ಚು ತೆಗೆದುಕೊಂಡು, ಪ್ರಯೋಗಾಲಯದಲ್ಲಿ ಕ್ಯಾಪ್ ತಯಾರಾದ ಮೇಲೆ ಅಂಟಿಸಬೇಕಾದ್ದರಿಂದ ಸಾಮಾನ್ಯವಾಗಿ ಎರಡನೆಯ ಸಲ ಅರಿವಳಿಕೆ ಬೇಕಾಗುತ್ತದೆ. ಮುರಿದ ಕೋರೆಯನ್ನು ಮೊದಲಿನ ಎತ್ತರಕ್ಕೆ ಕಟ್ಟುವುದಿಲ್ಲ, ಗಿಡ್ಡವಾಗಿಯೇ ಬಿಡುತ್ತಾರೆ. ಸನ್ನೆಕೋಲು ಉದ್ದವಾದಷ್ಟೂ ಬುಡದ ಮೇಲೆ ಬೀಳುವ ಬಲ ಹೆಚ್ಚಿ, ಕ್ಯಾಪ್ ಕಳಚುವ ಬದಲು ಬೇರೇ ಮುರಿಯುತ್ತದೆ. 2011ರಲ್ಲಿ ಒಸಾಮಾ ಬಿನ್ ಲಾಡೆನ್ ವಿರುದ್ಧದ ಕಾರ್ಯಾಚರಣೆಯಲ್ಲಿ ನಾಯಿಯೊಂದು ಭಾಗವಹಿಸಿದ ಸುದ್ದಿ ಬಂದಾಗ, ಅಮೆರಿಕದ ಸೇನಾ ನಾಯಿಗಳಿಗೆ ಹಲ್ಲು ಕಿತ್ತು ಟೈಟಾನಿಯಂ ಹಲ್ಲು ಜೋಡಿಸುತ್ತಾರೆಂಬ ಕಥೆ ಜಗತ್ತಿಡೀ ಹರಡಿತ್ತು. ಅದು ಮುರಿದ ಹಲ್ಲಿನ ಮೇಲಿನ ಟೊಪ್ಪಿಗೆಯೇ ಹೊರತು ಆಯುಧವಲ್ಲ. ಆರೋಗ್ಯವಂತ ಹಲ್ಲಿಗಿಂತ ಗಟ್ಟಿಯಾಗಿ ನಿಲ್ಲುವುದೂ ಇಲ್ಲ.

ಕೀಳುವುದು ಸೋಲಲ್ಲ

ದಂತ ಎಕ್ಸ್‌ರೇ, ಉದ್ದದ ಅರಗಳು, ತರಬೇತಿ ಪಡೆದ ಕೈ, ಇವು ಮೂರೂ ಒಂದೆಡೆ ಸಿಗುವ ಜಾಗ ನಮ್ಮ ರಾಜ್ಯದಲ್ಲಿ ಬಹುತೇಕ ದೊಡ್ಡ ನಗರಗಳಿಗೆ ಸೀಮಿತ. ತಾಲ್ಲೂಕು ಊರಿನಲ್ಲಿರುವವರಿಗೆ ಪ್ರಾಯೋಗಿಕವಾದ, ಮತ್ತು ಸರಿಯಾಗಿ ಮಾಡಿದರೆ ಪೂರ್ಣ ಗುಣ ಕೊಡುವ ಚಿಕಿತ್ಸೆ ಹಲ್ಲು ಕೀಳುವುದೇ. ಕ್ಲಿಷ್ಟವಾದ ಪ್ರಕರಣಗಳನ್ನು ಸ್ಥಳೀಯ ವೈದ್ಯರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ, ಶಸ್ತ್ರಚಿಕಿತ್ಸಾ ವಿಭಾಗವಿರುವ ಬೋಧನಾ ಆಸ್ಪತ್ರೆಗೆ ಕಳುಹಿಸಿಕೊಡಬಹುದು. ಹಲ್ಲಿಲ್ಲದೆ ನಾಯಿ ಹೇಗೆ ತಿನ್ನುತ್ತದೆ ಎಂದು ಯಾರೂ ಕೊರಗಬೇಕಿಲ್ಲ. ಕೊಳೆತ ಹಲ್ಲಿರುವ ಬದಿಯಲ್ಲಿ ಅದು ಹೇಗೂ ತಿನ್ನುತ್ತಿರಲಿಲ್ಲ.

ಆದರೆ ಕೀಳುವುದೆಂದರೆ ಇಕ್ಕಳದಿಂದ ಹಿಡಿದು ಎಳೆಯುವುದಲ್ಲ. 108ನ್ನು ಕೀಳುವಾಗ ಮೊದಲು ನರಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ವಸಡನ್ನು ಬಾಗಿಲಿನಂತೆ ಬಿಡಿಸಿ, ಬೇರಿನ ಮೇಲಿನ ಮೂಳೆಯನ್ನು ಸ್ವಲ್ಪ ತೆಗೆದು, ಹಲ್ಲನ್ನು ಮೂರು ತುಂಡಾಗಿ ಕತ್ತರಿಸಿ, ಒಂದೊಂದು ಬೇರನ್ನೂ ಬೇರೆಬೇರೆಯಾಗಿ ಸಡಿಲಿಸಿ ತೆಗೆದು, ಕೊನೆಗೆ ವಸಡನ್ನು ಕರಗುವ ದಾರದಿಂದ ಹೊಲಿಯುತ್ತಾರೆ. ಬೇರಿನ ಚೂರು ಒಳಗೇ ಉಳಿದರೆ ಸೋಂಕೂ ಉಳಿಯುತ್ತದೆ, ಅದಕ್ಕಾಗಿಯೇ ಕಿತ್ತ ಮೇಲೂ ಒಂದು ಎಕ್ಸ್‌ರೇ. ಮೇಲಿನ ಕೋರೆಹಲ್ಲಿನ ಬೇರಿಗೂ ಮೂಗಿನ ಹೊಳ್ಳೆಗೂ ನಡುವಿನ ಮೂಳೆ ಕಾಗದದಷ್ಟು ತೆಳು. ಅಲ್ಲಿ ಎಚ್ಚರ ತಪ್ಪಿದರೆ ಬಾಯಿಯಿಂದ ಮೂಗಿಗೆ ದಾರಿಯಾಗಿ, ಕುಡಿದ ನೀರು ಮೂಗಿನಲ್ಲಿ ಬಂದು ನಾಯಿ ಸೀನತೊಡಗುತ್ತದೆ. ಕೆಳಗಿನ ಕೋರೆಯ ಬೇರು ದವಡೆಯ ಬಹುಭಾಗವನ್ನು ಆಕ್ರಮಿಸಿರುವುದರಿಂದ, ಅದರಲ್ಲೂ ಪೊಮೆರೇನಿಯನ್‌ನಂಥ ಪುಟ್ಟ ತಳಿಗಳಲ್ಲಿ, ಒರಟಾಗಿ ಎಳೆದರೆ ದವಡೆಯೇ ಮುರಿಯುವ ಅಪಾಯವಿದೆ. ಮೇಲಿನ ಮತ್ತು ಕೆಳಗಿನ ಕೋರೆಗಳನ್ನು ಸಾಧ್ಯವಾದಲ್ಲಿ ಉಳಿಸಿಕೊಳ್ಳಲು ವೈದ್ಯರು ಹೆಚ್ಚು ಶ್ರಮಪಡುವುದು ಈ ಕಾರಣಕ್ಕೆ.

ಮರಿಯ ಹಾಲುಹಲ್ಲಿನ ವಿಷಯದಲ್ಲಿ ಹೇಗೂ ಬೀಳುವ ಹಲ್ಲಲ್ಲವೇ ಎಂಬ ಉದಾಸೀನ ಸಹಜ. ನಾಯಿಮರಿಯ 28 ಹಾಲುಹಲ್ಲುಗಳು ನಾಲ್ಕರಿಂದ ಏಳು ತಿಂಗಳ ನಡುವೆ ಬಿದ್ದು ಶಾಶ್ವತ ಹಲ್ಲುಗಳಿಗೆ ಜಾಗ ಬಿಡುತ್ತವೆ, ನಿಜ. ಆದರೆ ಸೂಜಿಯಂಥ ಹಾಲುಕೋರೆ ಮುರಿದು ತಿರುಳು ತೆರೆದರೆ, ಆ ಸೋಂಕು ಇಳಿಯುವುದು ಅದರ ಪಕ್ಕದಲ್ಲೇ ಮೊಳೆಯುತ್ತಿರುವ ಶಾಶ್ವತ ಹಲ್ಲಿನ ಮೊಗ್ಗಿಗೆ. ಆ ಹಲ್ಲು ಮುಂದೆ ಎನಾಮಲ್ ಇಲ್ಲದೆ ಕಂದಾಗಿ ಹುಟ್ಟಬಹುದು, ಹುಟ್ಟದೆಯೂ ಹೋಗಬಹುದು. ಆದ್ದರಿಂದ ಮುರಿದ ಹಾಲುಹಲ್ಲನ್ನು ಕಾಯದೆ ಕೀಳಬೇಕು.

ಹಲ್ಲು ಕಿತ್ತ ನಾಯಿಗೆ ಎರಡು ವಾರ ಮೆತ್ತಗಿನ ಊಟ ಸಾಕು. ಕಲಸಿದ ಅನ್ನ, ನೀರಾಗಿಸಿದ ರಾಗಿಮುದ್ದೆ, ಮೂಳೆ ಬಿಡಿಸಿದ ಕೋಳಿ. ಆ ಅವಧಿಯಲ್ಲಿ ಚೆಂಡು, ಹಗ್ಗ, ಅಗಿಯುವ ತುಂಡು ಯಾವುದೂ ಬೇಡ. ರೂಟ್ ಕೆನಾಲ್ ಆದ ಹಲ್ಲಿಗೆ ಆರು ತಿಂಗಳಿಂದ ಒಂದು ವರ್ಷದೊಳಗೆ, ಆಮೇಲೆ ಸಾಧ್ಯವಾದರೆ ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಬೇಕು. ಚಿಕಿತ್ಸೆಯ ದಿನ ಬೇರಿನ ತುದಿಯಲ್ಲಿ ಕಂಡ ಕಪ್ಪು ವಲಯದ ಅಳತೆಯನ್ನು ವೈದ್ಯರು ದಾಖಲಿಸಿರುತ್ತಾರೆ. ಹೊಸ ಚಿತ್ರದಲ್ಲಿ ಅದು ಕುಗ್ಗಿದ್ದರೆ ಕರಗಿದ ಮೂಳೆ ಮತ್ತೆ ತುಂಬಿಕೊಳ್ಳುತ್ತಿದೆ. ಅಷ್ಟೇ ಇದ್ದರೆ ಮುಂದಿನ ವರ್ಷ ಮತ್ತೆ ನೋಡುತ್ತಾರೆ. ಹಿಗ್ಗಿದ್ದರೆ ನಾಯಿ ಎಷ್ಟೇ ಚೆನ್ನಾಗಿ ಊಟ ಮಾಡುತ್ತಿದ್ದರೂ ಕಾಲುವೆಯನ್ನು ಮತ್ತೆ ತೆರೆಯಬೇಕು, ಇಲ್ಲವೇ ಹಲ್ಲನ್ನು ತೆಗೆಯಬೇಕು.